ಮಗ್ಗದ ಬೀದಿಗೆ ಬಂದ ಕಾರು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಪವರ್‌ಲೂಮ್ ಮಗ್ಗ. ಚೌಡೇಶನ ಎದುರುಮನೆಯ ನಂದಕುಮಾರ ಹೊಸ ಕಾರು ತಂದು, ಚಕ್ರದಡಿ ನಿಂಬೆಹಣ್ಣಿಟ್ಟು, ಬೀದಿಗೆಲ್ಲ ಪೇಡ ಹಂಚಿದ ದಿನವೇ ಇವನ ಹೊಟ್ಟೆಗೆ ಬೆಂಕಿ ಬಿತ್ತು. ತನ್ನ ಪಾಲಿನ ಪೇಡವನ್ನು ಹಸುವಿಗೆ ತಿನ್ನಿಸಿದ.

"ನಾವೂ ಅಂಥದ್ದೇ ಹೊಸದು ತಗೊಳ್ಳೋಣ ರೀ, ಮನೆಮಂದಿಯೆಲ್ಲ ಕೂತ್ಕೊಂಡು ಹೋಗ್ಬಹುದು," ಎಂದಳು ಹೆಂಡತಿ ಸ್ನೇಹ.

"ಅವನ ಥರದ್ದೇ ತಂದ್ರೆ ನನ್ನ ಯಾರೇ ನೋಡ್ತಾರೆ? ನನ್ ಗಾಡಿ ಸದ್ದಿಗೆ ಅವನು ಉರ್ಕೊಂಡು ಸಾಯ್ಬೇಕು!"

ಅದೇ ದುಡ್ಡಿಗೆ, ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ಎದೆ ನಡುಗಿಸುವ ಎಂಜಿನ್. ಬೀದಿಗೆ ಬಂದವನೇ ಬೇಕೆಂದೇ ಜೋರಾಗಿ ಗುಡುಗಿಸಿದ. ಒಬ್ಬರೂ ಹೊರಗೆ ಬರಲಿಲ್ಲ. ಅಷ್ಟೊಂದು ಮಗ್ಗ ಬಡಿಯುವಾಗ ಕಾರು ಯಾರಿಗೆ ಕೇಳಬೇಕು?

ಚೌಡೇಶ ಹಲ್ಲು ಕಚ್ಚಿಕೊಂಡು ಕಾರನ್ನು ಶೆಡ್ಡಿನಲ್ಲಿಟ್ಟು ಬಾಗಿಲೆಳೆದ. ಕರೆಂಟು ಹೋದಾಗಲೆಲ್ಲ ಲೈನ್‌ಮನ್‌ಗೆ ಶಾಪ ಹಾಕುತ್ತಿದ್ದವನು, ಈಗ ಅದು ಯಾವಾಗ ಹೋಗುತ್ತದೋ ಎಂದು ಕಾಯತೊಡಗಿದ.

ಗುರುವಾರ ಊಟದ ಹೊತ್ತಿಗೆ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ಗಪ್ಪಾದವು. ಚೌಡೇಶ ಎಂಜಲು ಕೈಯಲ್ಲೇ ಶೆಡ್ಡಿಗೆ ಓಡಿ, ಬಾಗಿಲು ತೆಗೆಯುವ ಮೊದಲೇ ಕಾರು ಸ್ಟಾರ್ಟ್ ಮಾಡಿ ಗುಡುಗಿಸಿದ. ಗೋಡೆ ಅದುರಿತು. ಎದುರುಮನೆಯ ಬಾಗಿಲು ಧಡಾರನೆ ತೆರೆಯಿತು. ಚೌಡೇಶ ಕಿವಿ ನಿಮಿರಿಸಿದ.

ನಂದಕುಮಾರ ಹೊಟ್ಟೆಕಿಚ್ಚಿನಿಂದ ಹೆಂಡತಿಗೆ ಕೂಗಿ ಹೇಳುತ್ತಿದ್ದ: "ಲೇ, ಚೌಡೇಶ ಜನರೇಟರ್ ತಂದ್ಬಿಟ್ಟ ಕಣೇ! ನಾವು ಕಾರು ತಗೊಂಡು ಕೆಟ್ವಿ!"