ಬಾಗಿಲ ಮೇಲಿದ್ದ ಕಡವೆ ಕೊಂಬು

ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಬಹಳ ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದೆ. ‘ಸೆರೆಮನೆಗಳ ಉದ್ದೇಶವೇನು?’ ಎಂದು ಪರೀಕ್ಷೆಗೆ ಪ್ರಶ್ನೆ ಕೊಡುತ್ತಿದ್ದೆ. ‘ಹಿಂದೆ ದಂಡಿಸಲು ಕೂಡಿಹಾಕುತ್ತಿದ್ದರು, ಈಗ ತಿದ್ದಿ ಸಮಾಜಕ್ಕೆ ಮರಳಿಸಲು ಇಡುತ್ತಾರೆ’ ಎಂದು ಬರೆದರೆ ಎರಡಕ್ಕೆ ಎರಡು ಅಂಕ. ಈಗ ಆ ಮಕ್ಕಳನ್ನೆಲ್ಲ ಕರೆಸಿ ಅಂಕ ವಾಪಸ್ ಕೊಡಿ ಎಂದು ಕೇಳುವಷ್ಟು ಸಿಟ್ಟು ಬರುತ್ತದೆ. ತಪ್ಪು ಅವರದಲ್ಲ, ಪಾಠ ಹೇಳಿದವಳದು.

ಸರಿಯಾದ ಉತ್ತರ ನನಗೆ ಚಿಕ್ಕಂದಿನಲ್ಲೇ ಗೊತ್ತಾಗಬೇಕಿತ್ತು. ಹಂಗಳದ ನಮ್ಮ ಮನೆಯ ಹಿಂದೆ ಊರಿನ ದೊಡ್ಡಿ ಇತ್ತು. ಬೇರೆಯವರ ಹೊಲ ಮೇಯ್ದ ದನವನ್ನು ಹಿಡಿದು ತಂದು ಅಲ್ಲಿ ಕೂಡುತ್ತಿದ್ದರು. ಬೀಗದ ಕೈ ತಾತನ ಸೊಂಟದಲ್ಲಿ. ದನದ ಯಜಮಾನ ಬಂದು ನಿಂತು ‘ಇದು ನಮ್ದು’ ಎಂದರೆ ಬಿಡುತ್ತಿದ್ದರು. ಒಂದು ಸಲ ಒಂದೇ ಹುರುಳಿ ಹೊಲ ಮೇಯ್ದ ಎರಡು ದನಗಳನ್ನು ತಂದರು. ಒಂದು ಆ ಸಂಜೆಯೇ ಮನೆಗೆ ಹೋಯಿತು. ಇನ್ನೊಂದನ್ನು ಕೇಳಿಕೊಂಡು ಯಾರೂ ಬರಲಿಲ್ಲ, ನಾಲ್ಕು ದಿನ ಅಲ್ಲೇ ನಿಂತು ಕೂಗಿತು. ರಾಜರ ಕತ್ತಲೆಕೋಣೆ, ಬ್ರಿಟಿಷರ ಕಾಲದ ಕಾಯ್ದೆ ಅಂತ ಜೈಲಿನ ಚರಿತ್ರೆಯನ್ನು ಏನೇನೋ ಓದಿಕೊಂಡು ಹೋಗಿ ಮಕ್ಕಳಿಗೆ ಕೊರೆದೆ. ಮನೆ ಹಿಂದಿನ ದೊಡ್ಡಿ ಮಾತ್ರ ನೆನಪಾಗಲಿಲ್ಲ.

ಅದು ನೆನಪಾದದ್ದು ನಮ್ಮ ಹೊಲದ ಕೆಲಸದವನು ಜೈಲಿಗೆ ಹೋದಾಗ. ಅವನು ನನ್ನ ವಾರಿಗೆಯವನು. ಅವನ ತಾಯಿಯೂ ನಮ್ಮ ಹೊಲದಲ್ಲೇ ಕಳೆ ಕಿತ್ತು ಮುದುಕಿಯಾದವಳು.

ನಮ್ಮ ತಲೆಬಾಗಿಲ ಮೇಲೆ ತಾತನ ಕಾಲದ ಒಂದು ಜೊತೆ ಕಡವೆ ಕೊಂಬು ಇತ್ತು. ಕಾಡಿನಂಚಿನ ನಮ್ಮ ಊರುಗಳಲ್ಲಿ ಅದು ಮನೆಮದ್ದು. ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಊತಕ್ಕೆ, ನೋವಿಗೆ ಹಚ್ಚುತ್ತಾರೆ. ನನಗೆ ಎಂಟೋ ಒಂಬತ್ತೋ ವಯಸ್ಸು. ಅವನಿಗೆ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತ್ತು. ಕೊಂಬಿನಿಂದ ಮುರಿದು ಬಿದ್ದಿದ್ದ ಗೇಣುದ್ದದ ಕವಲೊಂದನ್ನು ಅವ್ವ ನನ್ನ ಕೈಗೆ ಕೊಟ್ಟು, ‘ಓಗಿ ಅವರವ್ವನಿಗೆ ಕೊಟ್ಟು ಬಾ ಕಣಮ್ಮಿ, ಮಡಿಕಳ್ಳಿ’ ಎಂದಳು. ಓಡಿಹೋಗಿ ಕೊಟ್ಟು ಬಂದೆ. ಆಮೇಲೆ ಆ ಬೀದಿಯ ಎಷ್ಟೋ ಮಕ್ಕಳ ಕೆನ್ನೆಗೆ ಆ ತುಂಡೇ ಆಯಿತು.

ಎರಡು ವರ್ಷದ ಹಿಂದೆ ಯಾರೋ ಜಿಂಕೆ ಹೊಡೆದರು ಎಂಬ ಸುದ್ದಿ ಹಿಡಿದು ಫಾರೆಸ್ಟಿನವರು ಬಂದು ಅವನ ಬೀದಿಯ ಮನೆಗಳನ್ನು ಹುಡುಕಿದರು. ಮಾಂಸ ಸಿಗಲಿಲ್ಲ. ಅವನ ಮನೆಯಲ್ಲಿ ತೇಯುವ ಕಲ್ಲಿನ ಪಕ್ಕ ಈ ತುಂಡು ಸಿಕ್ಕಿತು, ಸವೆದು ಸವೆದು ಹೆಬ್ಬೆರಳಿನಷ್ಟಾಗಿತ್ತು. ಕಾಡುಪ್ರಾಣಿಯ ಕೊಂಬು ಮನೆಯಲ್ಲಿಡುವುದು ಅಪರಾಧವೇ, ಅವರು ಅವರ ಕೆಲಸ ಮಾಡಿದರು ಎನ್ನೋಣ. ಆದರೆ ನಮ್ಮ ಬೀದಿಗೆ ಅವರ ಜೀಪು ತಿರುಗಲೇ ಇಲ್ಲ. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಅವನು, ‘ಸೌದೆಗೋದಾಗ ಸಿಕ್ತು’ ಎಂದನಂತೆ. ಅವನನ್ನು ಚಾಮರಾಜನಗರದ ಜೈಲಿಗೆ ಕಳಿಸಿದರು.

ಸುದ್ದಿ ತಿಳಿದು ನಾನು ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಹಂಗಳಕ್ಕೆ ಹೋಗುವಷ್ಟರಲ್ಲಿ ನಮ್ಮ ಬಾಗಿಲ ಮೇಲೆ ಎರಡು ಮೊಳೆ ಮಾತ್ರ ಉಳಿದಿದ್ದವು. ಅಣ್ಣ ಕೊಂಬುಗಳನ್ನು ಇಳಿಸಿ ಹಿತ್ತಲ ತಿಪ್ಪೆಯಲ್ಲಿ ಹೂತು, ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. ಬೀದಿಯಲ್ಲಿ ಹೋಗುವವರು, ‘ನಿಮ್ಮಾಳು ಮಾವನ ಮನ್ಗೋಗವ್ನಂತಲ್ಲ’ ಎಂದು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ.

ವಾರ ಕಳೆಯುವುದರೊಳಗೆ ಕೋರ್ಟು ಜಾಮೀನು ಕೊಟ್ಟಿತು. ಆದರೆ ಜಮೀನಿನ ಪಹಣಿ ಇಟ್ಟು ಒಬ್ಬರು ಸಹಿ ಹಾಕಬೇಕು. ಅವನ ನೆಂಟರಿಷ್ಟರಲ್ಲಿ ಯಾರಿಗೂ ಅಂಗೈಯಗಲ ಭೂಮಿ ಇಲ್ಲ. ಅಲ್ಲಿಗೆ, ಬಿಡಬಹುದು ಎಂದು ಕೋರ್ಟೇ ಹೇಳಿದ ಮನುಷ್ಯ ಒಳಗೇ ಉಳಿದ. ಅವನನ್ನು ಯಾರು ತಿದ್ದುತ್ತಿದ್ದರು? ಏನನ್ನು ತಿದ್ದುತ್ತಿದ್ದರು? ‘ನಮ್ಮವನು’ ಎನ್ನುವ ಪಹಣಿಯವನೊಬ್ಬ ಬರಲಿಲ್ಲ, ಅಷ್ಟೇ.

ನಾನೇ ಹಾಕುತ್ತೇನೆ ಎಂದು ಹೊರಟೆ. ವಕೀಲರು, ‘ನಿಮ್ಮ ಹೆಸರಲ್ಲಿ ಏನಿದೆ ಮೇಡಂ?’ ಎಂದರು. ಏನಿದೆ? ಗುಂಡ್ಲುಪೇಟೆಯಲ್ಲಿ ಇರುವುದು ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ನನ್ನನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿದ್ದ. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೇ, ಅರಿಶಿನ ಕುಂಕುಮಕ್ಕೆ ಒಂದು ಸೀರೆ ಇಸಕೊಂಡು, ಹೋಳಿಗೆ ಊಟ ಮಾಡಿ, ನನಗೆ ಪಾಲು ಬೇಡ ಎಂದು ಸಹಿ ಹಾಕಿ ಬರುತ್ತೇವೆ. ತವರಿನ ಬಾಗಿಲು ತೆರೆದಿರಲಿ ಎಂಬ ಆಸೆ. ನಾನೂ ಹಾಕಿದ್ದೆ, ಸಮಾಜ ವಿಜ್ಞಾನದ ಮೇಡಂ, ನಗುನಗುತ್ತಾ ಹಾಕಿದ್ದೆ. ಆ ಸೀರೆಯನ್ನು ಸುಟ್ಟುಹಾಕಬೇಕು ಅನ್ನಿಸಿತು.

ಅಣ್ಣನನ್ನು ಕೇಳಿದೆ. ‘ಕೋರ್ಟು ಕಚೇರಿ ನಮಗ್ಯಾಕಮ್ಮಿ? ನಮ್ಮನೆಯೋರು ಯಾರೂ ಆ ಮೆಟ್ಲು ಅತ್ತಿಲ್ಲ’ ಎಂದ. ಮೂರು ಸಲ ಕೇಳಿದೆ. ಮೂರು ಸಲವೂ ಇದೇ ಮಾತು.

ಜೈಲಿಗೆ ಹೋಗಿ ಅವನನ್ನು ನೋಡಿದೆ. ಒಳಗೆ ಹೋಗಿ ತಿಂಗಳಾಗುತ್ತಾ ಬಂದಿತ್ತು. ಜಾಲರಿಯ ಆಚೆ ನಿಂತು, ‘ಊಟ ಚೆನ್ನಾಗದ ಅಕ್ಕಾರೆ. ನಮ್ಮವ್ವನ ಮಂಡಿನೋವು ಎಂಗದಂತೆ?’ ಎಂದು ಕೇಳಿದ. ನನಗೆ ತಡೆಯಲಾಗಲಿಲ್ಲ. ಕೊಂಬು ನಮ್ಮ ಮನೆಯದು ಎಂದು ಯಾಕೆ ಹೇಳಲಿಲ್ಲ ಎಂದು ರೇಗಿದೆ. ಅವನು ನನ್ನನ್ನೇ ದಡ್ಡಿಯನ್ನು ನೋಡುವಂತೆ ನೋಡಿದ.

‘ಯೋಳ್ಬುಟ್ಟಿದ್ರೆ ನಿಮ್ಮಣ್ಣೋರ್ನೂ ತಂದು ಒಳಗಾಕೋರು. ಆಮೇಲೆ ನಂಗೆ ಜಾಮೀನು ಯಾರಾಕೋರು ಅಕ್ಕಾರೆ? ಅವ್ರು ಆಚೆ ಇದ್ರೆ ತಾನೆ ನನ್ನ ಬುಡುಸ್ಕೊಳೂದು?’

ಅಣ್ಣ ಬಂದೇ ಬರುತ್ತಾನೆ ಎಂದು ಅವನು ತಿಂಗಳಿನಿಂದ ಕಾದಿದ್ದ. ಜೈಲಿನಿಂದ ಬಸ್‌ಸ್ಟ್ಯಾಂಡಿನವರೆಗೆ ಅಳುತ್ತಾ ಬಂದೆ. ಅಳು ಕನಿಕರದ್ದಲ್ಲ, ಮೈಯೆಲ್ಲ ಉರಿಯುವ ಸಿಟ್ಟಿನದು. ಅಣ್ಣನ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ. ಕೊಟ್ಟವಳು ನಾನು ಎಂದು ಮೊದಲ ದಿನವೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ, ಹೆದರಿದೆ. ಅಣ್ಣ ತಿಪ್ಪೆಯಲ್ಲಿ ಹೂತಿದ್ದನ್ನು ನಾನು ಬಾಯಲ್ಲಿ ಹೂತಿದ್ದೆ.

ಗುಂಡ್ಲುಪೇಟೆಯಲ್ಲಿ ಇಳಿಯದೆ ನೇರ ಹಂಗಳಕ್ಕೆ ಹೋದೆ. ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಅವರೆದುರಿಗೇ ಹೇಳಿದೆ: ‘ಅಣ್ಣ, ನಾಳಿಕೆ ನೀನು ಸೈನ್ ಹಾಕ್ಬೇಕು. ಇಲ್ಲಾಂದ್ರೆ ನಾನು ಕೋರ್ಟಿಗೋಗಿ, ಆ ಕೊಂಬು ಯಾರ ಮನೇದು, ಕೊಟ್ಟೋಳ್ಯಾರು, ಮಿಕ್ಕಿದ್ದು ಎಲ್ಲದೆ, ಎಲ್ಲಾನೂ ಯೋಳ್ತೀನಿ. ನನ್ನೂ ಒಳಗಾಕ್ಲಿ, ನಿನ್ನೂ ಹಾಕ್ಲಿ.’

‘ತಲೆ ಕೆಟ್ಟದಾ ನಿಂಗೆ?’ ಎಂದ ಅಣ್ಣ. ಕೂತಿದ್ದವರ ಮುಖ ನೋಡಿದ. ಬೆಳಿಗ್ಗೆ ಪಹಣಿ ತೆಗೆಸಿಕೊಂಡು ಹೊರಟ.

ಬಿಡುಗಡೆಯಾದ ಮಾರನೆಯ ದಿನ ಬೆಳಿಗ್ಗೆಯೇ ಅವನು ನಮ್ಮ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ. ಜಗಲಿಯ ಕೆಳಗೆ ನಿಂತು ಅಣ್ಣನಿಗೆ ಕೈಮುಗಿದ. ‘ನೀವು ಬುಡುಸ್ಕಂಡು ಬಂದ್ರಿ ಬುದ್ಧಿ. ಇಲ್ದಿದ್ರೆ ನಾನು ಅಲ್ಲೇ.’

‘ಇನ್ಮೇಲಾದ್ರೂ ನೆಟ್ಟಗಿರ್ಲಾ’ ಎಂದ ಅಣ್ಣ.

ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಕೇಳಿದೆ: ‘ಅಣ್ಣ, ತಿಪ್ಪೆ ಯಾವಾಗ ತೆಗೆಸ್ತೀಯ?’

ಕೆಳಗೆ ನಿಂತಿದ್ದವನು ತಲೆಯೆತ್ತಿ ಬಾಗಿಲ ಮೇಲಿನ ಖಾಲಿ ಮೊಳೆಗಳನ್ನು ನೋಡಿದ, ಅಣ್ಣನನ್ನು ನೋಡಿದ, ಅವನಿಗೆ ಎಲ್ಲ ತಿಳಿಯಿತು. ಈಗಲಾದರೂ ಬಯ್ಯುತ್ತಾನೆ, ಕೂಗುತ್ತಾನೆ ಎಂದು ನಾನು ಕಾದೆ. ಅವನು ಟವೆಲ್ಲು ತೆಗೆದು ತಲೆಗೆ ಸುತ್ತಿಕೊಂಡ.

‘ನಾನೇ ತೆಗಿತೀನಿ ಬುಡಿ ಅಕ್ಕಾರೆ’ ಎಂದ. ‘ಬ್ಯಾರೆ ಆಳು ಕರೀಬ್ಯಾಡಿ. ಯಾರ ಕಣ್ಣಿಗಾರ ಬಿದ್ದಾತು.’

ಗುದ್ದಲಿ ಎಲ್ಲಿದೆ ಎಂದು ಅವನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾವುದು ಎಲ್ಲಿರುತ್ತದೆ ಎಂದು ಅವನಿಗೆ ಗೊತ್ತಿತ್ತು.