ಗಾಣಕ್ಕೆ ಅವ್ವನ ಮೊದಲ ಹಿಡಿ

ನಮ್ಮ ಮನೆಯ ಎತ್ತಿಗೆ ಸೋಮವಾರ ರಜೆ ಇತ್ತು, ನಮ್ಮ ಅವ್ವನಿಗೆ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ, ಸಿಟ್ಟು ನುಂಗಿಕೊಂಡಿರುವ ವಿದ್ಯೆಯನ್ನು ನಾನು ಅವ್ವನಿಂದ ಕಲಿಯಲಿಲ್ಲ.

ಹೊಸಪೇಟೆಯಲ್ಲಿ ನಮ್ಮದು ಎಣ್ಣೆಗಾಣದ ಮನೆ. ಮದ್ರಾಸು ಸರಕಾರದ ಕಾಲ, ತುಂಗಭದ್ರೆಗೆ ಇನ್ನೂ ಅಣೆಕಟ್ಟು ಬಂದಿರಲಿಲ್ಲ. ಬೀದಿಯ ಕಡೆ ಅಂಗಡಿ, ಹಿತ್ತಲ ಕಡೆ ಗಾಣ, ನಡುವೆ ನಾವು. ಅಂಗಡಿಯ ಗದ್ದುಗೆಯ ಮೇಲೆ ಅಪ್ಪ ಕೂರುತ್ತಿದ್ದ, ಗಾಣದ ಎತ್ತು ಹೊಡೆಯಲು ಒಬ್ಬ ಆಳಿದ್ದ. ಮರಿಯಮ್ಮನಹಳ್ಳಿ ಕಡೆಯಿಂದ ಬಂದ ಕುಸುಬಿ, ಎಳ್ಳನ್ನು ಕೇರಿ, ಕಲ್ಲು ಆರಿಸಿ, ಒಣಗಿಸಿ ಗಾಣಕ್ಕೆ ಕೊಡುವವಳು ಅವ್ವ. ಎಣ್ಣೆ ತಿಳಿಯಾದ ಮೇಲೆ ಡಬ್ಬಿಗೆ ಸುರಿಯುವವಳು, ಹಿಂಡಿ ಕಿತ್ತು ಒಣಹಾಕುವವಳು ಕೂಡ ಅವಳೇ. ಅವಳ ಸೆರಗು ಹಿಂಡಿದರೆ ದೀಪಕ್ಕಾಗುವಷ್ಟು ಎಣ್ಣೆ ಬರುತ್ತದೆಂದು ಓಣಿಯ ಹೆಂಗಸರು ನಗುತ್ತಿದ್ದರು. ಅವ್ವನೂ ಅವರ ಜೊತೆ ನಗುತ್ತಿದ್ದಳು. ನನಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಸೋಮವಾರ ಬಸವಣ್ಣನ ದಿನ, ಎತ್ತು ಹೂಡಬಾರದು. ಗಾಣಕ್ಕೂ ಇಲ್ಲ, ಬಂಡಿಗೂ ಇಲ್ಲ. ಇದು ನಮ್ಮ ಓಣಿಯಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು. ಗಾಣ ಸುತ್ತಲು ಎತ್ತಿನ ಕಣ್ಣಿಗೆ ಕಟ್ಟುವ ಬಟ್ಟೆ ಆ ದಿನ ಬಿಚ್ಚಿಟ್ಟು, ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೊದಲ ರೊಟ್ಟಿ ಅದಕ್ಕೇ ತಿನ್ನಿಸಬೇಕು. ಮೈ ತೊಳೆಯುವವರು ಯಾರು? ಅವ್ವ. ರೊಟ್ಟಿ ಬಡಿಯುವವರು ಯಾರು? ಅವ್ವ. ಗಾಣ ನಿಂತ ದಿನವೇ ಗಾಣ ತೊಳೆಯಲು ಬರುವುದು, ಆದ್ದರಿಂದ ಅದೂ ಅವ್ವನ ಪಾಲಿಗೇ. ಎತ್ತು ನೆರಳಿನಲ್ಲಿ ಮೆಲುಕು ಹಾಕುತ್ತ ಮಲಗಿರುತ್ತಿತ್ತು. ಅವ್ವ ಗಾಣದ ಒರಳಿನೊಳಗೆ ಅರ್ಧ ಮೈ ಇಳಿಸಿ ಜಿಡ್ಡು ಕೆರೆಯುತ್ತಿದ್ದಳು.

ಇದು ಸಾಲದೆಂದು ನಮ್ಮ ಮನೆಗಷ್ಟೇ ಇನ್ನೊಂದು ಕಟ್ಟಳೆ ಇತ್ತು. ಬೆಳಿಗ್ಗೆ ಎತ್ತು ಹೆಜ್ಜೆ ಕೀಳುವ ಮೊದಲು, ಗಾಣಕ್ಕೆ ಮೊದಲ ಹಿಡಿ ಕಾಳು ಅವ್ವನ ಕೈಯಿಂದಲೇ ಬೀಳಬೇಕು. ಅದು ಹುಟ್ಟಿದ್ದು ಹೀಗೆ. ಮದುವೆಯಾದ ವರ್ಷ ಅವ್ವ ಪಂಚಮಿ ಹಬ್ಬಕ್ಕೆ ತವರುಮನೆಗೆ, ಕಂಪ್ಲಿಗೆ ಹೋಗಿದ್ದಳು. ಅವಳು ಅಲ್ಲಿದ್ದಾಗ ಇಲ್ಲಿ ಒರಳಿನೊಳಗೆ ತಿರುಗುವ ದಪ್ಪ ಮರದ ತುಂಡು ಸೀಳಿ ಎರಡಾಯಿತು. ಹಳೆಯ ಮರ, ಸೀಳಿತು, ಅಷ್ಟೇ. ಆದರೆ ಅಪ್ಪನ ತಾಯಿ, ನಮ್ಮ ಅಜ್ಜಿ, ಎದೆ ಬಡಿದುಕೊಂಡು ಅಂದಳಂತೆ: “ಸೊಸಿ ಹೊಸ್ತಿಲ ದಾಟಿದ್ಲು, ಲಕ್ಷ್ಮಿ ಆಕಿ ಬೆನ್ನ ಹತ್ತಿ ಹೋದ್ಲು. ಇನ್ನ ಮ್ಯಾಲೆ ಆಕಿ ಕೈ ಮುಟ್ಟದ ಗಾಣ ತಿರಗಬಾರ್ದು.” ಮುಗಿಯಿತಲ್ಲ! ಅವ್ವ ಇದನ್ನು ಬೈಗುಳವೆಂದು ತಿಳಿಯಲಿಲ್ಲ, ಮರ್ಯಾದೆಯೆಂದು ತಿಳಿದಳು. ತನ್ನ ಕೈಯಲ್ಲಿ ಲಕ್ಷ್ಮಿ ಇದ್ದಾಳೆಂದು ನಂಬಿಬಿಟ್ಟಳು.

ಅಂದಿನಿಂದ ಅವ್ವ ಒಂದು ರಾತ್ರಿಯೂ ಮನೆ ಬಿಟ್ಟು ಇರಲಿಲ್ಲ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗದ ಹೆಣ್ಣುಮಗಳನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಮ್ಮ ಅವ್ವ ಹೋಗಲಿಲ್ಲ. ಅವಳ ತಾಯಿಯೇ ಗಂಟು ಕಟ್ಟಿಕೊಂಡು ಹೊಸಪೇಟೆಗೆ ಬಂದು, ಬೀಗರ ಮನೆಯಲ್ಲಿ ಮುದುಡಿ ಕೂತು ಮಗಳ ಬಾಣಂತನ ಮಾಡಿ ಹೋದಳು. ಹೆತ್ತ ಮರುದಿನ ಬೆಳಿಗ್ಗೆ ಅಜ್ಜಿ ಮೊರದಲ್ಲಿ ಎಳ್ಳು ತಂದು ಹಾಸಿಗೆಯ ಹತ್ತಿರ ಹಿಡಿದಳಂತೆ. ಅವ್ವ ಮಲಗಿದಲ್ಲೇ ಒಂದು ಹಿಡಿ ತೆಗೆದುಕೊಟ್ಟಳಂತೆ. ಇದನ್ನು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು, ಕೇಳಿ ನನ್ನ ಮೈ ಉರಿಯುತ್ತಿತ್ತು.

ಅವ್ವನ ತಾಯಿಯನ್ನು ನಾವು ಮಕ್ಕಳು ಕಂಪ್ಲಿ ಅಮ್ಮ ಎನ್ನುತ್ತಿದ್ದೆವು. ಅವಳಿಗೆ ವಯಸ್ಸಾಯಿತು, ಕಣ್ಣು ಮಂಜಾದವು. ಕಂಪ್ಲಿಯಿಂದ ಅಕ್ಕಿ ತರುವ ಬಂಡಿಯವರ ಕೈಯಲ್ಲಿ ಅವಳಿಂದ ಒಂದೇ ಮಾತು ಬರುತ್ತಿತ್ತು: ಒಂದು ರಾತ್ರಿ ಬಂದು ನನ್ನ ಮಗ್ಗುಲಲ್ಲಿ ಮಲಗಿ ಹೋಗು. ಬೇರೇನೂ ಬೇಡುತ್ತಿರಲಿಲ್ಲ ಆ ಮುದುಕಿ. ಆದರೆ ಲೆಕ್ಕ ಹಾಕಿ ನೋಡಿ. ಕಂಪ್ಲಿಗೆ ಬಂಡಿಯಲ್ಲಿ ಹೊರಟರೆ ಹೋಗುವುದಕ್ಕೇ ಒಂದು ಹಗಲು. ಅದೇ ದಿನ ತಿರುಗಿ ಬರುವ ಮಾತಿಲ್ಲ. ರಾತ್ರಿ ಉಳಿದರೆ ಬೆಳಿಗ್ಗೆ ಮೊದಲ ಹಿಡಿ ತಪ್ಪುತ್ತದೆ. ಗಾಣ ನಿಲ್ಲುವ ಸೋಮವಾರ ಹೋಗೋಣವೆಂದರೆ ಆ ದಿನ ಯಾರೂ ಬಂಡಿಯನ್ನೇ ಹೂಡುವುದಿಲ್ಲ. ರೈಲು ಗಾದಿಗನೂರಿನ ಮೇಲೆ ಬಳ್ಳಾರಿಗೆ ಹೋಗುತ್ತಿತ್ತೇ ಹೊರತು ಕಂಪ್ಲಿಯ ಕಡೆ ತಲೆ ಹಾಕುತ್ತಿರಲಿಲ್ಲ. ಅವ್ವ ಹೀಗೆ ಎಲ್ಲ ಕಡೆಯಿಂದಲೂ ಸಿಕ್ಕಿಬಿದ್ದಿದ್ದಳು.

ಹಿಂದಿನ ದಿನವೇ ಒಂದು ಹಿಡಿ ತೆಗೆದಿಟ್ಟು ಹೋಗು ಎಂದು ನಾನು ಎಷ್ಟು ಸಲ ಹೇಳಿದೆನೋ. “ಹಂಗ ನಡಿಯಂಗಿಲ್ಲ, ಅವತ್ತಿನ ಕಾಳು ಅವತ್ತೇ ಮುಟ್ಟಬೇಕು,” ಎನ್ನುತ್ತಿದ್ದಳು. ಆ ಹೊತ್ತಿಗೆ ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಟ್ಟಳೆ ಹಾಕಿದವಳೇ ಇಲ್ಲ, ಇವಳದು ಮಾತ್ರ ಬಿಡದ ಕಾವಲು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಆಮೇಲೆ ಹೊಸಪೇಟೆಗೂ ಕಂಪ್ಲಿಗೂ ನಡುವೆ ಮೋಟಾರು ಓಡತೊಡಗಿತು. ನನಗಾಗ ಮದುವೆ ಗೊತ್ತಾಗಿತ್ತು, ಬಾಯಿ ಇನ್ನೂ ಜೋರಾಗಿತ್ತು. “ಅವ್ವಾ, ಮೋಟಾರಿಗೇನು ಎತ್ತು ಕಟ್ಟಿರ್ತಾರೇನು? ಸೋಮವಾರ ಮುಂಜಾನೆ ಹೋಗಿ ಸಂಜಿಗೆ ಬರೋಣ ನಡಿ,” ಎಂದೆ. ಭಾನುವಾರವೇ ಹೋಗಿ ರಾತ್ರಿ ಉಳಿಯುವ ಮಾತಿರಲಿಲ್ಲ, ಸೋಮವಾರ ಬೆಳಿಗ್ಗೆ ಎತ್ತಿನ ಮೈ, ಗಾಣ ತೊಳೆಯುವವಳು ಅವಳೇ. ಸೋಮವಾರ ಹೊರಟರೆ ಬಸವಣ್ಣನಿಗೆ ಬೇಸರವಾದೀತೇ ಎಂದು ಅವ್ವ ಬಹಳ ದಿನ ಯೋಚಿಸಿದಳು. ಕಡೆಗೊಂದು ಸೋಮವಾರ ಎತ್ತಿನ ಮೈ ತೊಳೆದು, ಗಾಣ ತೊಳೆದು, ಅಪ್ಪನಿಗೆ ಅಡಿಗೆ ಮಾಡಿ ಮುಚ್ಚಿಟ್ಟು ಹೊರಟಳು. ಕಮಲಾಪುರ ದಾಟಿ, ಬುಕ್ಕಸಾಗರದ ಗದ್ದೆಗಳ ನಡುವೆ ಮೋಟಾರು ಕುಲುಕುತ್ತ ಹೋಗುವಾಗ ಅವ್ವ ಸಣ್ಣ ಹುಡುಗಿಯ ಹಾಗೆ ಕತ್ತು ಹೊರಗೆ ಹಾಕಿ ನೋಡುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡದ್ದು ಆ ಒಂದು ದಿನ.

ಕಂಪ್ಲಿ ಅಮ್ಮನಿಗೆ ನಮ್ಮ ಮುಖ ಕಾಣಲಿಲ್ಲ. ಅವ್ವನ ಕೈ ಹಿಡಿದು ಮೂಗಿಗೆ ಒತ್ತಿಕೊಂಡಳು. “ಗಾಣದ ವಾಸನಿ ಬಂತು. ನನ್ನ ಮಗಳು ಬಂದ್ಲು,” ಎಂದಳು. ತನ್ನ ಕೌದಿಯ ಪಕ್ಕದಲ್ಲಿ ಇನ್ನೊಂದು ಕೌದಿಯನ್ನು ಹಗಲಿನಲ್ಲೇ ತಡವರಿಸಿ ಹಾಸಿದಳು. “ಇವತ್ತೊಂದು ರಾತ್ರಿ ಇರವ್ವಾ.”

“ನಾಳಿ ಮಂಗಳವಾರಲ್ಲೇನು ಯವ್ವಾ? ಗಾಣ ಹೂಡಬೇಕು. ಮತ್ತ ಬರ್ತೀನಲ್ಲ.”

“ಎತ್ತಿನ ಕಣ್ಣಿನ ಬಟ್ಟಿ ಸೋಮವಾರಕ್ಕೊಮ್ಮೆರ ಬಿಚ್ಚತಾರ,” ಎಂದಳು ಮುದುಕಿ. “ನಿಂದು ಯಾವಾಗ ಬಿಚ್ಚತಾರ?”

ಹಾಸಿದ ಕೌದಿಯನ್ನು ಅವ್ವ ಮೆಲ್ಲಗೆ ಮಡಿಸಿ ಗೋಡೆಗೆ ಇಟ್ಟಳು. ನಾನು ಅಲ್ಲೇ ಕೂಗಾಡಿದೆ, ಒಂದು ದಿನ ಗಾಣ ನಿಂತರೆ ಹೊಸಪೇಟೆ ಮುಳುಗಿಹೋಗುವುದಿಲ್ಲ ಎಂದೆ. ಅವಳು ನನ್ನ ರಟ್ಟೆ ಹಿಡಿದು ಮೋಟಾರಿನ ಕಡೆ ಎಳೆದುಕೊಂಡು ಹೊರಟಳು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಗಾಣ ಕಿರುಗುಟ್ಟುತ್ತಿತ್ತು.

ಮುಂದಿನ ಸೋಮವಾರ ಕುಸುಬಿ ಮೂಟೆಗಳು ಬಂದವು, ಹೋಗಲಾಗಲಿಲ್ಲ. ಅದರ ಮುಂದಿನ ಸೋಮವಾರ ಮಳೆ. ಅದೇ ವಾರದ ನಡುವೆ ಒಂದು ಬೆಳಿಗ್ಗೆ ಕಂಪ್ಲಿಯಿಂದ ಸುದ್ದಿ ಹಿಡಿದು ಒಬ್ಬ ಬಂದ. ಕಂಪ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಅವತ್ತಿನ ಮೊದಲ ಹಿಡಿ ಬಿದ್ದು ಎತ್ತು ಸುತ್ತುತ್ತಿತ್ತು. ಅಪ್ಪ ಗಾಣ ನಿಲ್ಲಿಸಿ, ಅಂಗಡಿ ಮುಚ್ಚಿ, ನಮ್ಮ ಜೊತೆ ಬಂದ. ಮಣ್ಣು ಮುಗಿಸಿ ಅವನು ಅಂದೇ ಹೊಸಪೇಟೆಗೆ ತಿರುಗಿದ. ಪೂಜೆ, ಊಟದ ಕಾರ್ಯ ಮುಗಿಯುವವರೆಗೆ ಹೆಣ್ಣುಮಗಳು ಇರಲೇಬೇಕೆಂದು ಸೋದರಮಾವ ಕೈಮುಗಿದ. ಅವ್ವ ಇದ್ದಳು. ಗೋಡೆಗಿಟ್ಟ ಆ ಕೌದಿಯನ್ನು ತಾಯಿಯ ಕೌದಿಯ ಪಕ್ಕಕ್ಕೆ ಹಾಸಿಕೊಂಡು ಮಲಗಿದಳು. ಪಕ್ಕದ ಕೌದಿ ಖಾಲಿ ಇತ್ತು. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಕಾರ್ಯ ಮುಗಿಸಿ ನಾವು ಮನೆಗೆ ಬಂದಾಗ ನಡುಹಗಲು. ಹೊಸ್ತಿಲಲ್ಲೇ ಅವ್ವ ನಿಂತುಬಿಟ್ಟಳು. ಹಿತ್ತಲಲ್ಲಿ ಗಾಣ ತಿರುಗುತ್ತಿತ್ತು. ಅಪ್ಪ ಯಾರಿಗೋ ಎಣ್ಣೆ ಅಳೆದುಕೊಡುತ್ತಿದ್ದ.

“ಇಷ್ಟು ದಿನ ಮೊದಲ ಹಿಡಿ ಯಾರು ಹಾಕಿದ್ರಿ?” ಅವ್ವ ಕೇಳಿದಳು.

ಅಪ್ಪ ತಲೆ ಎತ್ತಲಿಲ್ಲ. “ಆಳು ಹಾಕಿದ. ಯಾರು ಹಾಕಿದ್ರೇನು, ಎಣ್ಣಿ ಬಂತಲ್ಲ.”

ನನ್ನ ತಲೆ ಸಿಡಿದುಹೋಯಿತು. “ಹಂಗಾದ್ರ ಇಷ್ಟು ವರ್ಷ ಅವ್ವನ್ನ ಯಾಕ ಕಟ್ಟಿಹಾಕಿದ್ದಿ?” ಎಂದು ಗಿರಾಕಿಯ ಎದುರೇ ಕಿರುಚಿದೆ.

“ನಾ ಯಾವಾಗ ಕಟ್ಟಿಹಾಕಿದ್ದೆ?” ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಹೋಗಬ್ಯಾಡ ಅಂತ ಒಂದಿನರ ಅಂದೀನೇನು ಕೇಳು. ಆಕಿನೇ ಹೋಗಲಿಲ್ಲ.”

ಅದು ಸುಳ್ಳಲ್ಲ, ಅದೇ ನನ್ನ ಸಂಕಟ. ಅಪ್ಪ ಒಂದು ದಿನವೂ ಬೇಡ ಎಂದಿರಲಿಲ್ಲ. ಹೋಗು ಎಂದೂ ಅಂದಿರಲಿಲ್ಲ. ಬೈಯಲು ಅಜ್ಜಿ ಬದುಕಿಲ್ಲ, ಅಪ್ಪನನ್ನು ಬೈದರೆ ಅವನಿಗೆ ಅರ್ಥವೇ ಆಗುವುದಿಲ್ಲ, ಅವ್ವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವಳು ಕಾಲು ತೊಳೆದುಕೊಂಡು ಒಳಗೆ ಹೋದಳು. ಇನ್ನು ನಾಳೆಯಿಂದ ಈ ಹಾಳು ಕಟ್ಟಳೆ ಬಿಟ್ಟುಹೋಗುತ್ತದೆ ಎಂದು ಮಾತ್ರ ನನಗೆ ಖಾತ್ರಿಯಿತ್ತು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಬಂದಾಗ ಅವ್ವ ಮೊರ ಹಿಡಿದುಕೊಂಡು ಗಾಣದ ಮುಂದೆ ನಿಂತಿದ್ದಳು. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ ಆಗಿತ್ತು. ಆಳು ಅವಳ ಕೈಯನ್ನೇ ನೋಡುತ್ತ ಕಾಯುತ್ತಿದ್ದ.

“ಇನ್ನೂ ಯಾಕ ಹಾಕ್ತೀಯವ್ವಾ? ಯಾರು ಹಾಕಿದ್ರೂ ಎಣ್ಣಿ ಬರ್ತದಂತಲ್ಲ!” ಎಂದೆ.

ಅವ್ವ ತಿರುಗಿ ನೋಡಲಿಲ್ಲ. ಮೊರದಿಂದ ಒಂದು ಹಿಡಿ ಎಳ್ಳು ತೆಗೆದಳು.

“ಈಗ ಬಿಟ್ರ,” ಎಂದಳು, “ಅವತ್ತ ಅವ್ವನ ಮಗ್ಗಲದಾಗ ಯಾಕ ಮಲಗಲಿಲ್ಲ ಅಂತ ಏನು ಹೇಳ್ಲಿ?”

ಹಿಡಿ ಬಿಚ್ಚಿದಳು. ಆಳು ಎತ್ತನ್ನು ಹೊಡೆದ.