ಸಕ್ಕರೆ ಹಾಕದ ರಸ, ಅಜ್ಜಿಯ ಏಕಾದಶಿ

ನಾನು ಚಿಕ್ಕವನಿದ್ದಾಗ, ಮಕ್ಕಳೇ, ನಮ್ಮ ಮನೆಯಲ್ಲಿ ನನಗೊಂದು ಕೆಲಸವಿತ್ತು. ನನ್ನ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪಕ್ಕದ ಮನೆಯ ಆಂಟಿಗೆ ಕನ್ನಡ ಬರುತ್ತಿರಲಿಲ್ಲ. ಇವರು ಹೇಳಿದ್ದನ್ನು ಅವರಿಗೆ, ಅವರು ಹೇಳಿದ್ದನ್ನು ಇವರಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂದಿತ್ತು. ನನಗಾಗ ಒಂಬತ್ತು ವರ್ಷ. ಎರಡು ಸಾವಿರದ ಹತ್ತರ ದಶಕದ ಮಾತು ಇದು, ಅಂಥ ಕೆಲಸಕ್ಕೆ ಮನೆಯ ಮಕ್ಕಳೇ ಆಗಬೇಕಿತ್ತು. ಕನ್ನಡ ಕೇಳಿದರೆ ನನಗೆ ಅರ್ಥವಾಗುತ್ತಿತ್ತು, ಆಡಲು ಹೋದರೆ ಒಂದೊಂದು ಮಾತಿಗೂ ತಡಕಾಡಬೇಕು. ಹತ್ತು ನಿಮಿಷಕ್ಕೆಲ್ಲ ತಲೆ ಭಾರವಾಗಿ, ಯಾಕಪ್ಪಾ ಇವರಿಬ್ಬರಿಗೂ ಇಷ್ಟೊಂದು ಮಾತು ಅನ್ನಿಸುತ್ತಿತ್ತು.

ಅಡಿಲೇಡ್‌ನಲ್ಲಿ ಗುಡ್ಡಗಳ ತಪ್ಪಲಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ಗಣಿಯಲ್ಲಿ ಭೂವಿಜ್ಞಾನಿ. ಇಲ್ಲಿಂದ ಪರ್ತ್‌ಗೆ ಒಂದು ವಿಮಾನ, ಅಲ್ಲಿಂದ ಗಣಿಗೆ ಇನ್ನೊಂದು. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ, ಆ ಒಂದು ವಾರವೂ ಅರ್ಧ ನಿದ್ದೆಯಲ್ಲೇ ಕಳೆಯುತ್ತಿತ್ತು. ಅಮ್ಮ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದರು. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಜ್ಜಿ, ಅಂದರೆ ಅಪ್ಪನ ಅಮ್ಮ, ನನ್ನನ್ನು ನೋಡಿಕೊಳ್ಳುತ್ತಿದ್ದರು. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಸುಸ್ತಾಗದೆ ಇದ್ದವರು ಯಾರೂ ಇರಲಿಲ್ಲ.

ಆ ವರ್ಷ ಅಪ್ಪನಿಗೆ ಶುಗರ್ ಬಂದಿದೆ ಎಂದು ಗೊತ್ತಾಯಿತು. ಅಮ್ಮ ಫ್ರಿಜ್ಜಿನಲ್ಲಿದ್ದ ಸಿಹಿ ಜ್ಯೂಸುಗಳನ್ನೆಲ್ಲ ತೆಗೆದು ಚೆಲ್ಲಿದರು. ಅದನ್ನು ಕೇಳಿದ ಪಕ್ಕದ ಮನೆ ಆಂಟಿ ತಮ್ಮ ಹಿತ್ತಲ ಮರ ತೋರಿಸಿದರು. ಎಲ್ಡರ್‌ಬೆರ್ರಿ ಮರ. ಮೆಣಸಿನ ಕಾಳಿನಷ್ಟು ದಪ್ಪದ ಕಪ್ಪು ಹಣ್ಣುಗಳು ಅಗಲವಾದ ಗೊಂಚಲುಗಳಲ್ಲಿ ಜೋತಾಡುತ್ತಿದ್ದವು. ಅದರ ರಸ ತೆಗೆದು ಒಂದು ಚಮಚ ಸಕ್ಕರೆಯನ್ನೂ ಹಾಕದೆ ಬಾಟಲಿಯಲ್ಲಿ ಮುಚ್ಚಿಟ್ಟರೆ ಚಳಿಗಾಲವೆಲ್ಲ ಬರುತ್ತದೆ, ದಿನಕ್ಕೆ ಸ್ವಲ್ಪ ನೀರಿಗೆ ಬೆರೆಸಿ ಕುಡಿಯಬಹುದು ಎಂದರು ಆಂಟಿ.

ನಾನು ಹೇಳಹೊರಟ ಶನಿವಾರ ಅಮ್ಮ ನನಗೊಂದು ಮಾತು ಕೊಟ್ಟಿದ್ದರು. ಮಧ್ಯಾಹ್ನ ಪಾಳಿ ಮುಗಿದ ಮೇಲೆ ಟ್ರ್ಯಾಮಿನಲ್ಲಿ ಗ್ಲೆನೆಲ್ಗ್ ಬೀಚಿಗೆ ಹೋಗುವುದು, ಕಡಲ ಮೇಲಿನ ಕಟ್ಟೆಯ ತುದಿಯವರೆಗೆ ನಡೆಯುವುದು, ಐಸ್‌ಕ್ರೀಮ್ ತಿನ್ನುವುದು. ನಾನು ಬೆಳಿಗ್ಗೆಯೇ ಈಜುವ ಚಡ್ಡಿ ಹಾಕಿಕೊಂಡು ಕೂತಿದ್ದೆ. ಒಂಬತ್ತು ಗಂಟೆಗೆ ಆಂಟಿ ಎರಡು ಬಕೆಟ್ ತುಂಬ ಗೊಂಚಲು ಹೊತ್ತು ಬಂದರು. ಹಕ್ಕಿಗಳು ಮುತ್ತಿಕೊಂಡಿವೆ, ಇವತ್ತು ಬಿಟ್ಟರೆ ಇಲ್ಲ ಎಂದರು. ಬಾಟಲಿಗಳು, ರಬ್ಬರ್ ಉಂಗುರಗಳು, ತಗಡಿನ ಮುಚ್ಚಳಗಳು, ಅವನ್ನು ಒತ್ತಿ ಹಿಡಿಯುವ ಕ್ಲಿಪ್ಪುಗಳು, ದೊಡ್ಡದೊಂದು ಹಂಡೆ, ಎಲ್ಲವೂ ಬಂದವು. ನನ್ನ ಗ್ಲೆನೆಲ್ಗ್ ಹೋಯಿತು.

ಆಂಟಿ ವರಾಂಡದಲ್ಲಿ ನಿಂತು ಮಾಡುವ ಕ್ರಮವನ್ನೆಲ್ಲ ಹೇಳಿದರು. ಫೋರ್ಕಿನಿಂದ ಹಣ್ಣು ಬಿಡಿಸಬೇಕು, ತೊಟ್ಟು, ಎಲೆ, ಹಸಿರು ಕಾಯಿ ಒಂದೂ ಸೇರಬಾರದು. ಚೆನ್ನಾಗಿ ಕುದಿಸಿ, ಸೋಸಿ, ನಿಂಬೆರಸ ಹಾಕಿ, ಬಿಸಿ ಬಾಟಲಿಗೆ ಬಿಸಿಯಾಗಿಯೇ ತುಂಬಿ, ಮುಚ್ಚಿ, ಹಂಡೆಯ ಕುದಿನೀರಿನಲ್ಲಿ ಇಡಬೇಕು. ಕೊನೆಗೆ ಬೆರಳೆತ್ತಿ ಒಂದು ಮಾತು ಒತ್ತಿ ಹೇಳಿದರು. ಈ ಹಣ್ಣನ್ನು ಹಸಿಯಾಗಿ ಬಾಯಿಗೆ ಹಾಕಬಾರದು, ಹಾಕಿದರೆ ಹೊಟ್ಟೆ ಕೆಟ್ಟು ವಾಂತಿಯಾಗುತ್ತದೆ, ಕುದಿಸಿದ ಮೇಲೆ ಭಯವಿಲ್ಲ. "ಅಜ್ಜಿಗೂ ಅಮ್ಮನಿಗೂ ಮರೆಯದೆ ಹೇಳು," ಎಂದು ಹೋದರು.

"ಏನಂತೋ ಮರಿ?" ಎಂದರು ಅಜ್ಜಿ.

ನನ್ನ ಮೂಗಿನ ತುದಿಯಲ್ಲಿ ಸಿಟ್ಟು ಕೂತಿತ್ತು. ಅಷ್ಟುದ್ದದ ಮಾತನ್ನು ಕನ್ನಡಕ್ಕೆ ತರುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? "ಫೋರ್ಕಲ್ಲಿ ಬಿಡಿಸ್ಬೇಕಂತೆ. ಆಮೇಲೆ ಬಾಯ್ಲ್ ಮಾಡಿ ಲೆಮನ್ ಹಾಕ್ಬೇಕಂತೆ. ದಟ್ಸ್ ಆಲ್," ಎಂದೆ.

"ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?"

"ಇಷ್ಟೇ ಅಜ್ಜಿ."

ಮಧ್ಯಾಹ್ನ ಅಮ್ಮ ಬಂದಾಗಲೂ ಅಷ್ಟನ್ನೇ ಹೇಳಿದೆ. ಅಮ್ಮ ಯೂನಿಫಾರಂ ಕೂಡ ಬದಲಿಸದೆ ನೆಲಕ್ಕೆ ಕೂತರು. ಮೂವರೂ ಫೋರ್ಕ್ ಹಿಡಿದು ಬಿಡಿಸಿದೆವು, ಬಿಡಿಸಿದೆವು, ಬಕೆಟ್ ತಳ ಕಾಣಲೇ ಇಲ್ಲ. ಅಂಗಳದ ಬಿಸಿಲು ನಮ್ಮ ಕಾಲ ಬೆರಳಿಗೆ ಬಂದು ಮುಟ್ಟಿತು. ಹಸಿ ಸೊಪ್ಪಿನ ಒಗರು ವಾಸನೆಗೆ ತಲೆ ತಿರುಗುತ್ತಿತ್ತು. ಅಂಗೈ, ಉಗುರು, ಅಮ್ಮನ ಬಿಳಿ ಕಾಲರ್, ಎಲ್ಲವೂ ನೇರಳೆ ಬಣ್ಣ. ಅಮ್ಮ ಫೋರ್ಕ್ ಹಿಡಿದುಕೊಂಡೇ ಎರಡು ಸಲ ತೂಕಡಿಸಿದರು. ಮೂರು ಗಂಟೆಯ ಹೊತ್ತಿಗೆ ನೋಡಿದರೆ ಮನೆಯಲ್ಲಿ ನಿಂಬೆಹಣ್ಣಿಲ್ಲ. ಅಮ್ಮ ನಿಟ್ಟುಸಿರು ಬಿಟ್ಟು ಕಾರಿನ ಕೀ ತೆಗೆದುಕೊಂಡು ಅಂಗಡಿಗೆ ಹೋದರು.

ಆ ದಿನ ಏಕಾದಶಿ. ಅಜ್ಜಿಯ ಏಕಾದಶಿ ಎಂದರೆ ಒಲೆ ಕಂಡದ್ದು ಯಾವುದೂ ನಾಲಿಗೆಗೆ ತಾಗಬಾರದು. ಹಣ್ಣು, ಹಸಿ ರಸ, ತಣ್ಣೀರು, ಅಷ್ಟೆ. ಮದುವೆಯಾದಾಗಿನಿಂದ ಒಂದನ್ನೂ ತಪ್ಪಿಸಿರಲಿಲ್ಲ. ಬೆಳಿಗ್ಗೆ ತಿಂದ ಅರ್ಧ ಬಾಳೆಹಣ್ಣಿನಲ್ಲೇ ಅಷ್ಟು ಹೊತ್ತು ಬಗ್ಗಿ ಕೂತು ಅವರ ಮುಖ ಬಾಡಿಹೋಗಿತ್ತು.

"ನೋಡಕ್ಕೆ ನಮ್ಮ ಗಣಿಕೆ ಹಣ್ಣಿನ ಥರಾನೇ ಇದೆ. ಒಲೆಗಿಟ್ಟ ಮೇಲೆ ನನಗೆ ಬರಲ್ಲ. ಈಗಲೇ ಒಂದು ಲೋಟ ಹಿಂಡಿಕೊಡೋ ಮರಿ," ಎಂದರು.

ಈಗ ನಿಜ ಹೇಳುತ್ತೇನೆ ಮಕ್ಕಳೇ. ಆಂಟಿಯ ಮಾತು ನನಗೆ ಮರೆತಿರಲಿಲ್ಲ. ಎತ್ತಿದ ಆ ಬೆರಳು ಕಣ್ಣ ಮುಂದೆ ಬಂತು ಕೂಡ. ಆದರೆ ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಅಮ್ಮನವರೆಗೂ ಹೋಗುತ್ತದೆ, ಬೈಗುಳ ಬೀಳುತ್ತದೆ. ಒಂದು ಲೋಟದಿಂದ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಟ್ಟೆಯಲ್ಲಿ ಹಣ್ಣು ಹಾಕಿ ನನ್ನ ಕೈಯಿಂದಲೇ ಹಿಂಡಿ ಕೊಟ್ಟೆ. ಅಜ್ಜಿ ಕಣ್ಣುಮುಚ್ಚಿ ದೇವರಿಗೆ ಹೇಳಿಕೊಂಡು ಲೋಟ ಪೂರ್ತಿ ಕುಡಿದರು. ಹುಳಿಗೆ ಮುಖ ಕಿವುಚಿ, ನಕ್ಕರು.

ಅರ್ಧ ಗಂಟೆ ಕಳೆದಿರಬೇಕು. ಅಜ್ಜಿ ಹೊಟ್ಟೆ ಹಿಡಿದುಕೊಂಡು ಎದ್ದರು, ಬಚ್ಚಲ ಬಾಗಿಲವರೆಗೆ ಹೋಗುವಷ್ಟರಲ್ಲೇ ವಾಂತಿಯಾಯಿತು. ಮತ್ತೆ ಆಯಿತು, ಮತ್ತೆ. ನೇರಳೆ ಬಣ್ಣದ ವಾಂತಿ. ನಾನು ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದೆ. ಆಂಟಿ ಬಂದು ಲೋಟ ನೋಡಿದರು, ನನ್ನನ್ನು ನೋಡಿದರು, ಅಜ್ಜಿಯನ್ನು ಸೋಫಾದ ಮೇಲೆ ಮಲಗಿಸಿದರು. ಅಷ್ಟರಲ್ಲಿ ಅಮ್ಮ ನಿಂಬೆಹಣ್ಣಿನ ಚೀಲ ಹಿಡಿದು ಒಳಗೆ ಬಂದರು.

ಆಂಟಿಯಿಂದ ವಿಷಯ ಕೇಳಿ ಅಮ್ಮ ವಿಷದ ವಿಚಾರಕ್ಕೆಂದೇ ಇರುವ ಸಹಾಯವಾಣಿಗೆ ಫೋನು ಮಾಡಿದರು. ಲವಣದ ಪುಡಿಯನ್ನು ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ, ಅದನ್ನೂ ಕುಡಿಯದಿದ್ದರೆ ಆಸ್ಪತ್ರೆಗೆ ಕರೆತನ್ನಿ ಎಂದರು ನರ್ಸ್. ಮನೆಯಲ್ಲಿ ಪುಡಿಯ ಪೊಟ್ಟಣವಿತ್ತು. ಅಜ್ಜಿ ತುಟಿ ಬಿಗಿಹಿಡಿದರು.

"ನಾಳೆ ದ್ವಾದಶಿ ಕಣಮ್ಮ. ಬೆಳಿಗ್ಗೆ ಪಾರಣೆ ಆದ್ಮೇಲೆ ತಗೋತೀನಿ. ಎಲ್ಲೋ ಬೇಯಿಸಿ ಮಾಡಿದ ಪುಡಿ ಅದು."

"ಅತ್ತೆ, ಬೆಳಗಿನ ತನಕ ಕಾಯಕ್ಕಾಗಲ್ಲ. ಕೈ ನೋಡಿ, ತಣ್ಣಗಾಗಿದೆ. ನನ್ ಕೈಲಿ ಆಗ್ತಿಲ್ಲ ಅತ್ತೆ, ಸಾಕಾಗ್ಹೋಗಿದೆ," ಎಂದರು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ಹಸೀದು ಕುಡೀಬಾರದು ಅಂತ ಆಂಟಿ ನಿಂಗೆ ಹೇಳಿದ್ರಂತೆ. ಅಜ್ಜಿಗೆ ಹೇಳಿದ್ಯಾ?"

ನನಗಾಗ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅಜ್ಜಿ ಸತ್ತೇಹೋಗುತ್ತಾರೆ, ಕೊಂದವನು ನಾನೇ ಎಂದು ನನಗೆ ಖಾತ್ರಿಯಾಗಿತ್ತು.

ಅಜ್ಜಿ ಕಣ್ಣು ತೆರೆದು ನನ್ನ ಮುಖವನ್ನು ನೋಡಿದರು. ಅವರಿಗೆ ಎಲ್ಲವೂ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು.

"ಹೇಳ್ದ ಕಣಮ್ಮ," ಎಂದರು. "ಹುಡುಗ ಸರಿಯಾಗೇ ಹೇಳ್ದ. ನಂಗೇ ಕೇಳಿಸ್ಲಿಲ್ಲ. ಈಚೆಗೆ ಕಿವಿ ಸ್ವಲ್ಪ ಮಂದ ಆಗಿದೆ."

ಅಮ್ಮ ಹಣೆ ಒತ್ತಿಕೊಂಡು ಮತ್ತೆ ಫೋನು ಮಾಡಲು ಒಳಗೆ ಹೋದರು. ಆಂಟಿ ನೆಲ ಒರೆಸುತ್ತಿದ್ದರು. ಅಜ್ಜಿ ನನ್ನನ್ನು ಹತ್ತಿರ ಕರೆದರು.

"ತಾರೋ ಆ ಪುಡಿ ನೀರು," ಎಂದರು ಮೆಲ್ಲಗೆ. "ಸುಳ್ಳಾಡಿದ ಬಾಯಿಗೆ ಇನ್ನೇನು ಏಕಾದಶಿ."

ನಾನು ಲೋಟ ಹಿಡಿದುಕೊಂಡೆ. ಅವರು ಒಂದೊಂದೇ ಗುಟುಕು ಕುಡಿದರು. ನಾನು ಅಳುತ್ತಿದ್ದೆ, ಅವರು ನೇರಳೆ ಬಣ್ಣದ ಬೆರಳಿನಿಂದ ನನ್ನ ಕೆನ್ನೆ ಒರೆಸಿದರು. ಸಂಜೆಯ ಹೊತ್ತಿಗೆ ವಾಂತಿ ನಿಂತು ನಿದ್ದೆ ಬಂತು.

ಕೆಲಸ ಮಾತ್ರ ಯಾರಿಗಾಗಿಯೂ ನಿಲ್ಲಲಿಲ್ಲ. ಬಿಡಿಸಿದ ಹಣ್ಣು ಹುಳಿತುಹೋಗುತ್ತದೆಂದು ಅಮ್ಮನೂ ಆಂಟಿಯೂ ಕುದಿಸಿದರು, ಅಪ್ಪನ ಹಳೆಯ ಪಂಚೆಯಲ್ಲಿ ಸೋಸಿದರು, ತುಂಬಿದರು, ಮುಚ್ಚಿದರು. ಹನ್ನೊಂದು ಬಾಟಲಿ ಆಯಿತು. ಮುಂದಿನ ವಾರ ಬಂದ ಅಪ್ಪ ಒಂದು ಗುಟುಕು ಕುಡಿದು ಹುಳಿಗೆ ಒಂದು ಕಣ್ಣು ಮುಚ್ಚಿ, ಚೆನ್ನಾಗಿದೆ ಎಂದರು. ಅದರ ಹಿಂದೆ ಏನೇನು ನಡೆಯಿತೆಂದು ಅವರಿಗೆ ಪೂರ್ತಿಯಾಗಿ ಯಾರೂ ಹೇಳಲಿಲ್ಲ.

ಅಂದಿನಿಂದ ಅಮ್ಮ ಅಜ್ಜಿಯೊಡನೆ ಕೂಗಿ ಮಾತಾಡತೊಡಗಿದರು. "ಅತ್ತೆ, ಕಾಫೀ," ಎಂದರೆ ಬೀದಿಗೆ ಕೇಳಬೇಕು. ಅಪ್ಪನೂ ಕೂಗಿದರು. ಆಂಟಿಯೂ, ಇಂಗ್ಲಿಷನ್ನೇ, ಕೂಗಿ ಹೇಳತೊಡಗಿದರು. ಗೋಡೆಯಾಚೆಯ ಪಿಸುಮಾತೂ ಕೇಳುವ ನನ್ನ ಅಜ್ಜಿ ಪ್ರತಿ ಸಲವೂ ಕಿವಿಗೆ ಕೈ ಅಡ್ಡ ಹಿಡಿದು "ಆಂ?" ಎನ್ನುತ್ತಿದ್ದರು. ಮೈಸೂರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲೂ ಅಮ್ಮ ಅವರ ಕಿವಿಯ ಹತ್ತಿರ ಕೂಗಿಯೇ ಬೀಳ್ಕೊಟ್ಟರು. ನಾನು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಜ್ಜಿ ನನ್ನ ಕೈ ಒತ್ತಿ ಬೇಡವೆಂದು ತಲೆಯಾಡಿಸಿದರು. ಆಮೇಲೆ ಅಮ್ಮನಿಗೆ ಹೇಳಬೇಕು ಹೇಳಬೇಕು ಎಂದುಕೊಂಡೇ ವರ್ಷಗಳು ಉರುಳಿದವು, ಅಮ್ಮನೂ ಹೋದರು.

ನಿಮಗೆ ಈ ಕಷ್ಟವಿಲ್ಲ. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ನಿಮ್ಮ ಕಿವಿಯಲ್ಲಿರುವ ಗುಂಡಿಯಂಥ ಯಂತ್ರ ಕನ್ನಡದಲ್ಲಿ ಒಪ್ಪಿಸಿಬಿಡುತ್ತದೆ. ಇಬ್ಬರು ಹೆಂಗಸರ ನಡುವೆ ನಿಂತು ತಡಕಾಡುವ ಮಕ್ಕಳು ಈಗ ಯಾರ ಮನೆಯಲ್ಲೂ ಇಲ್ಲ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆ ಯಂತ್ರಕ್ಕೆ ಸುಸ್ತಾಗುವುದಿಲ್ಲ, ಸಿಟ್ಟು ಬರುವುದಿಲ್ಲ, ಅರ್ಧ ಮಾತು ನುಂಗಿಕೊಳ್ಳುವುದಿಲ್ಲ. ನಿಮಗೋಸ್ಕರ ಯಾವ ಅಜ್ಜಿಯೂ ಕಿವುಡಿಯಾಗಬೇಕಾಗಿಲ್ಲ.